ಎಸಿ ಕೂಲ್ ಆಗ್ತಿಲ್ಲ ಅಂದ್ರೆ ಗ್ಯಾಸ್ ಖಾಲಿ ಅಂತಲೇ ಅಲ್ಲ: ಹಳೇ ಕಾರಿನ ಲೀಕ್ ಹುಡುಕಿಸುವ ಮುನ್ನ ಇದನ್ನು ಓದಿ

ಚಿತ್ರದುರ್ಗ: ಬಿಸಿಲು ಏರುತ್ತಿದ್ದಂತೆ ಕಾರ್ ಎಸಿ ರಿಪೇರಿ ಅಂಗಡಿಗಳ ಮುಂದೆ ಗಾಡಿಗಳು ಸಾಲುಗಟ್ಟುತ್ತವೆ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಕಿಟಕಿ ಗ್ಲಾಸ್ ಇಳಿಸಿಕೊಂಡು ಹೋದರೂ ಒಳಗೆ ಬರೋದು ಬಿಸಿಗಾಳಿಯೇ. ವಯಸ್ಸಾದ ಅಪ್ಪ-ಅಮ್ಮನನ್ನು ದಾವಣಗೆರೆ ಆಸ್ಪತ್ರೆಗೆ ಕರ್ಕೊಂಡು ಹೋಗೋರಿಗೆ, ಕೈಗೂಸು ಇರೋರಿಗೆ ಕಾರಿನ ಎಸಿ ಶೋಕಿ ಅಲ್ಲ, ಅಗತ್ಯ.

ಈ ಸಾಲಿನಲ್ಲಿ ಹೊಸ ಗಾಡಿಗಳಷ್ಟೇ ಇರೋದಿಲ್ಲ. ಮಾರುತಿ 800, ಆಲ್ಟೊ, ಸ್ಯಾಂಟ್ರೊ, ಇಂಡಿಕಾ, ಹೀಗೆ 15 ವರ್ಷ ದಾಟಿ ಆರ್‌ಸಿ ನವೀಕರಣ ಮಾಡಿಸಿಕೊಂಡು ಓಡ್ತಿರೋ ಗಾಡಿಗಳೂ ಇರುತ್ತವೆ. 'ಎಸಿ ಕೂಲ್ ಆಗ್ತಿಲ್ಲ' ಅಂದರೆ ಬಹಳ ಕಡೆ ಸಿಗೋ ಉತ್ತರ ಒಂದೇ: 'ಗ್ಯಾಸ್ ಹೋಗಿದೆ, ತುಂಬಿಸಿಬಿಡಿ.' ತುಂಬಿಸಿದ್ದಾಯ್ತು. ಎರಡು ತಿಂಗಳಿಗೆ ಮತ್ತೆ ಅದೇ ಕಥೆ. ಆಮೇಲೆ 'ಕೂಲಿಂಗ್ ಕಾಯಿಲ್ ಹೋಗಿದೆ', 'ಕಂಪ್ರೆಸರ್ ಹೋಗಿದೆ' ಅನ್ನೋ ಮಾತು. ಬಿಲ್ ಐದಂಕಿಗೆ ಹೋಗುತ್ತೆ. ಕೊನೆಗೆ ನೋಡಿದರೆ ತೊಂದರೆ ಇದ್ದದ್ದು ಒಂದು ಸಣ್ಣ ರಬ್ಬರ್ ರಿಂಗಿನಲ್ಲಿ, ಇಲ್ಲವೇ ಸುಟ್ಟುಹೋದ ಫ್ಯಾನಿನಲ್ಲಿ.

ಲೀಕ್ ವಿಚಾರದಲ್ಲಿ ಮೂರು ಥರದ ತಪ್ಪು ಆಗುತ್ತೆ. ಲೀಕ್ ಇಲ್ಲದಿದ್ದರೂ ಇದೆ ಅನ್ನೋದು ಒಂದು. ಲೀಕ್ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಪಾರ್ಟ್ ಬದಲಿಸೋದು ಎರಡು. ಲೀಕ್ ಇದ್ದರೂ ಟೆಸ್ಟ್‌ನಲ್ಲಿ 'ಪಾಸ್' ಮಾಡಿ ಕಳಿಸೋದು ಮೂರು. ಈ ಮೂರೂ ಹೇಗೆ ಆಗುತ್ತವೆ, ತಪ್ಪಿಸೋದು ಹೇಗೆ ಅನ್ನೋದರ ವಿವರ ಇಲ್ಲಿದೆ.

ಗ್ಯಾಸ್ ಪೆಟ್ರೋಲ್ ಥರ ಖರ್ಚಾಗಲ್ಲ

ಮೊದಲು ತಿಳಿಯಬೇಕಾದ್ದು ಇದು. ಎಸಿ ಗ್ಯಾಸ್ ಸುಟ್ಟುಹೋಗೋ ಇಂಧನ ಅಲ್ಲ. ಕಂಪ್ರೆಸರ್ ಅದನ್ನು ಒತ್ತುತ್ತೆ. ರೇಡಿಯೇಟರ್ ಮುಂದೆ ಇರುವ ಕಂಡೆನ್ಸರ್‌ನಲ್ಲಿ ಅದು ಬಿಸಿ ಬಿಟ್ಟು ದ್ರವ ಆಗುತ್ತೆ. ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಸಣ್ಣ ತೂತಿನಿಂದ ಹಾದು ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ಗೆ ಬಂದು, ಅಲ್ಲಿ ಕುದಿದು ಆವಿಯಾಗುತ್ತಾ ಕಾರಿನೊಳಗಿನ ಶಾಖ ಎಳ್ಕೊಳ್ಳುತ್ತೆ. ಮತ್ತೆ ಕಂಪ್ರೆಸರ್‌ಗೆ ವಾಪಸ್. ಅದೇ ಗ್ಯಾಸ್ ಸುತ್ತು ಹೊಡೀತಾ ಇರುತ್ತೆ.

ಈಗ ಓಡ್ತಿರೋ ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ ಇರೋದು ಆರ್-134ಎ ಅನ್ನೋ ಗ್ಯಾಸ್. ಸಣ್ಣ ಕಾರಿಗೆ ಬೇಕಾಗೋದು ಹೆಚ್ಚುಕಡಿಮೆ ಅರ್ಧ ಕೆ.ಜಿ. ಆಸುಪಾಸು. ನಿಖರ ತೂಕ ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲೋ ಕಂಪನಿಯ ಸರ್ವಿಸ್ ಪುಸ್ತಕದಲ್ಲೋ ಇರುತ್ತೆ.

ರಬ್ಬರ್ ಹೋಸ್‌ಗಳ ಮೂಲಕ, ಜಾಯಿಂಟ್‌ಗಳ ಮೂಲಕ ವರ್ಷಕ್ಕೆ ಸ್ವಲ್ಪ ಸ್ವಲ್ಪ ಗ್ಯಾಸ್ ಹೊರಗೆ ಹೋಗೋದು ಸಹಜ. ಹಾಗಾಗಿ ಮೂರು ನಾಲ್ಕು ವರ್ಷಕ್ಕೊಮ್ಮೆ ಕಡಿಮೆ ಆಯ್ತು ಅಂದರೆ ಗಾಬರಿ ಬೇಡ. ಆದರೆ ಪ್ರತಿ ಬೇಸಿಗೆಗೆ ಗ್ಯಾಸ್ ಬೇಕು, ಅಥವಾ ಎರಡು ತಿಂಗಳಿಗೇ ಖಾಲಿ ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ತೂತು ಹುಡುಕದೆ ಗ್ಯಾಸ್ ತುಂಬೋದು ಪಂಚರ್ ಹಾಕಿಸದೆ ಟೈರಿಗೆ ಗಾಳಿ ಹೊಡೆಸಿದ ಹಾಗೆ.

ಲೀಕ್ ಅಲ್ಲ, ಆದರೆ ಲೀಕ್ ಥರ ಕಾಣುತ್ತೆ

ಕೂಲಿಂಗ್ ಕಡಿಮೆ ಆಗೋಕೆ ಗ್ಯಾಸ್ ಬಿಟ್ಟು ಬೇರೆ ಕಾರಣ ಬಹಳ ಇವೆ. ಅಂಗಡಿಗೆ ಹೋಗೋ ಮೊದಲು ಮನೆ ಮುಂದೆಯೇ ಇಷ್ಟು ನೋಡಬಹುದು.

* ಗಾಳಿಯೇ ಜೋರಾಗಿ ಬರ್ತಿಲ್ವಾ? ಬರೋ ಗಾಳಿ ತಣ್ಣಗಿದ್ದು, ಕಡಿಮೆ ಬರ್ತಿದ್ದರೆ ಗ್ಯಾಸ್ ಮೇಲೆ ಅನುಮಾನ ಬೇಡ. ಎಸಿ ಫಿಲ್ಟರ್ ಧೂಳು ಹಿಡಿದಿರಬಹುದು, ಬ್ಲೋವರ್ ಮೋಟರ್ ಸೋತಿರಬಹುದು. ಬೇವಿನ ಮರ, ಹೊಂಗೆ ಮರದ ಕೆಳಗೆ ನಿಲ್ಲಿಸೋ ಗಾಡಿಗಳಲ್ಲಿ ಗಾಳಿ ಹೋಗೋ ದಾರಿಯಲ್ಲೇ ಎಲೆ ತುಂಬಿಕೊಂಡಿರುತ್ತೆ.

* ಓಡುವಾಗ ತಣ್ಣಗೆ, ನಿಂತಾಗ ಬಿಸಿಯಾ? ಹೈವೇನಲ್ಲಿ ಚೆನ್ನಾಗಿದ್ದು, ಸಂತೆ ಬೀದಿಯಲ್ಲಿ ನಿಂತ ತಕ್ಷಣ ಬಿಸಿಗಾಳಿ ಬಂದರೆ ಮೊದಲು ಕಂಡೆನ್ಸರ್ ಫ್ಯಾನ್ ನೋಡಿ. ಎಸಿ ಆನ್ ಇದ್ದಾಗ ಆ ಫ್ಯಾನ್ ತಿರುಗಲೇಬೇಕು. ಕಂಡೆನ್ಸರ್ ಸಂದಿಗಳಲ್ಲಿ ಮಣ್ಣು, ಹುಳ ಮೆತ್ತಿಕೊಂಡಿದ್ದರೂ ಇದೇ ತೊಂದರೆ.

* ಕಂಪ್ರೆಸರ್ ಹಿಡೀತಿದ್ಯಾ? ಎಸಿ ಬಟನ್ ಒತ್ತಿದಾಗ 'ಟಕ್' ಅಂತ ಸದ್ದು ಬಂದು ಕಂಪ್ರೆಸರ್ ಮುಂದಿನ ಪ್ಲೇಟ್ ತಿರುಗಬೇಕು. ತಿರುಗದಿದ್ದರೆ ಗ್ಯಾಸ್ ಕಡಿಮೆ ಇರಬಹುದು, ಯಾಕಂದರೆ ಒತ್ತಡ ತೀರಾ ಇಳಿದರೆ ಪ್ರೆಶರ್ ಸ್ವಿಚ್ ಕಂಪ್ರೆಸರ್ ಅನ್ನು ನಿಲ್ಲಿಸುತ್ತೆ. ಆದರೆ ಫ್ಯೂಸ್, ರಿಲೇ, ಇಲಿ ಕಡಿದ ವೈರ್ ಕೂಡ ಕಾರಣ ಆಗಬಹುದು. ಹಳೇ ಕಂಪ್ರೆಸರ್‌ನಲ್ಲಿ ಕ್ಲಚ್ ಸವೆದು ಸಂದು ಹೆಚ್ಚಾದರೆ, ಬೆಳಿಗ್ಗೆ ತಣ್ಣಗಿದ್ದಾಗ ಹಿಡಿಯುತ್ತೆ, ಮಧ್ಯಾಹ್ನ ಎಂಜಿನ್ ಕಾದಮೇಲೆ ಹಿಡಿಯೋದಿಲ್ಲ.

* ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ನಿಲ್ಲುತ್ತಾ? ಸ್ವಲ್ಪ ಹೊತ್ತು ಎಸಿ ಆಫ್ ಮಾಡಿ ಮತ್ತೆ ಹಾಕಿದರೆ ಸರಿಹೋಗುತ್ತಾ? ಹಾಗಿದ್ದರೆ ಒಳಗೆ ಐಸ್ ಕಟ್ಟುತ್ತಿದೆ. ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟೋಕೆ ಥರ್ಮೋಸ್ಟಾಟ್ ಅಥವಾ ಸೆನ್ಸರ್ ಕೈಕೊಟ್ಟಿರೋದು ಕಾರಣ ಇರಬಹುದು. ಸಿಸ್ಟಂ ಒಳಗೆ ತೇವ ಸೇರಿದ್ದರೆ ಎಕ್ಸ್‌ಪ್ಯಾನ್ಷನ್ ವಾಲ್ವ್‌ನಲ್ಲೇ ಐಸ್ ಕಟ್ಟಿ ದಾರಿ ಮುಚ್ಚುತ್ತೆ. ಎರಡಕ್ಕೂ ಗ್ಯಾಸ್ ತುಂಬೋದು ಮದ್ದಲ್ಲ.

* ಹೀಟರ್ ನೀರು ನಿಲ್ಲುತ್ತಿಲ್ವಾ? ಹಳೇ ಕಾರುಗಳಲ್ಲಿ ಹೀಟರ್‌ಗೆ ಬಿಸಿನೀರು ಬಿಡೋ ವಾಲ್ವ್ ಕೇಬಲ್‌ನಿಂದ ನಡೆಯುತ್ತೆ. ಕೇಬಲ್ ಸಡಿಲ ಆದರೆ ನಾಬ್ 'ಕೋಲ್ಡ್' ಕಡೆ ಇದ್ದರೂ ಬಿಸಿನೀರು ಹರಿಯುತ್ತಲೇ ಇರುತ್ತೆ. ಒಂದು ಕಡೆ ಎಸಿ ತಣ್ಣಗೆ ಮಾಡ್ತಿದ್ದರೆ ಪಕ್ಕದಲ್ಲೇ ಹೀಟರ್ ಬಿಸಿ ಮಾಡ್ತಿರುತ್ತೆ. ಎಸಿ ಮಾತ್ರ ಕೆಟ್ಟ ಹೆಸರು ಹೊರುತ್ತೆ.

ನೀರು ಬಿದ್ದರೆ ಯಾವ ನೀರು ಅಂತ ನೋಡಿ

ಎಸಿ ಹಾಕಿದಾಗ ಕಾರಿನ ಕೆಳಗೆ ಹನಿ ಹನಿ ನೀರು ಬೀಳೋದು ನೋಡಿ ಗಾಬರಿಯಾಗೋರು ಇದ್ದಾರೆ. ಅದು ಗ್ಯಾಸ್ ಅಲ್ಲ, ಗಾಳಿಯಲ್ಲಿದ್ದ ತೇವ ಕೂಲಿಂಗ್ ಕಾಯಿಲ್ ಮೇಲೆ ಬೆವರಿ ಪೈಪಿನಿಂದ ಇಳಿಯೋದು. ಬೀಳಲೇಬೇಕು. ಗ್ಯಾಸ್ ಯಾವತ್ತೂ ನೀರಿನ ಥರ ಸೋರಲ್ಲ. ಆರ್-134ಎ ಹೊರಗಿನ ಗಾಳಿಗೆ ಬಂದರೆ ಮೈನಸ್ 26 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತೆ.

ನೀರು ಹೊರಗೆ ಬೀಳೋ ಬದಲು ಪಕ್ಕದ ಸೀಟಿನ ಕಾಲಡಿ ಮ್ಯಾಟ್ ಒದ್ದೆ ಆದರೆ, ಆ ಪೈಪ್ ಮಣ್ಣಿನಿಂದ ಕಟ್ಟಿಕೊಂಡಿದೆ ಅಂತ. ಪೈಪ್ ಕ್ಲೀನ್ ಮಾಡಿದರೆ ಕೆಲಸ ಮುಗೀತು.

ಎಚ್ಚರ ಬೇಕಾಗಿರೋದು ಇನ್ನೊಂದು ನೀರಿನ ಬಗ್ಗೆ. ಮ್ಯಾಟ್ ಮೇಲಿನ ನೀರು ಜಿಗುಟಾಗಿದ್ದು, ಹಸಿರೋ ಕೆಂಪೋ ಬಣ್ಣ ಇದ್ದು, ಕಾರಿನೊಳಗೆ ಸಿಹಿ ವಾಸನೆ ಬರ್ತಿದ್ದರೆ, ಮುಂದಿನ ಗ್ಲಾಸಿಗೆ ಒಳಗಡೆಯಿಂದ ಎಣ್ಣೆ ಹಚ್ಚಿದಂತೆ ಮಂಜು ಕೂರುತ್ತಿದ್ದರೆ ಅದು ಎಂಜಿನ್ ಕೂಲೆಂಟ್. ಹೀಟರ್ ಒಳಗಿನ ಕಾಯಿಲ್ ತೂತಾಗಿದೆ. ಇದನ್ನು 'ಎಸಿ ನೀರು' ಅಂತ ಬಿಟ್ಟರೆ ಕೂಲೆಂಟ್ ಖಾಲಿಯಾಗಿ ಎಂಜಿನ್ ಓವರ್‌ಹೀಟ್ ಆಗುತ್ತೆ, ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಆಗ ಎಸಿ ಬಿಲ್ ಅಲ್ಲ, ಎಂಜಿನ್ ಬಿಲ್ ಕಟ್ಟಬೇಕಾಗುತ್ತೆ. ಬಿಳಿ ಟಿಶ್ಯೂ ಒತ್ತಿ ಬಣ್ಣ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ಬಾಯಿಗೆ ಹಾಕಿ ರುಚಿ ನೋಡೋದು ಬೇಡ, ಕೂಲೆಂಟ್ ವಿಷ.

ಗೇಜ್ ನೋಡಿ ಗ್ಯಾಸ್ ಎಷ್ಟಿದೆ ಅಂತ ಹೇಳೋಕೆ ಆಗಲ್ಲ

ಮನೆಯ ಅಡುಗೆ ಸಿಲಿಂಡರ್ ನೆನಪು ಮಾಡ್ಕೊಳ್ಳಿ. ತುಂಬಿದ್ದಾಗಲೂ ಕಾಲುಭಾಗ ಇದ್ದಾಗಲೂ ಉರಿ ಒಂದೇ ಥರ. ಅದಕ್ಕೇ ಸಿಲಿಂಡರ್ ತಂದವರ ಹತ್ತಿರ ತೂಕ ಹಾಕಿಸಿ ತಗೋತೀವಿ. ಒಳಗೆ ಸ್ವಲ್ಪವಾದರೂ ದ್ರವ ಇರೋವರೆಗೆ ಒತ್ತಡ ನಿರ್ಧಾರ ಆಗೋದು ಬಿಸಿಯಿಂದ, ಎಷ್ಟಿದೆ ಅನ್ನೋದರಿಂದ ಅಲ್ಲ.

ಕಾರ್ ಎಸಿಯಲ್ಲೂ ಇದೇ ಲೆಕ್ಕ. ಎಂಜಿನ್ ಆಫ್ ಇದ್ದು ಎಲ್ಲ ತಣ್ಣಗಾದಾಗ ಆರ್-134ಎ ಒತ್ತಡ 25 ಡಿಗ್ರಿಯಲ್ಲಿ ಸುಮಾರು 80 ಪಿಎಸ್‌ಐ, 30 ಡಿಗ್ರಿಯಲ್ಲಿ ಸುಮಾರು 97, 35 ಡಿಗ್ರಿಯಲ್ಲಿ ಸುಮಾರು 114 ಇರುತ್ತೆ. ಅರ್ಧ ಗ್ಯಾಸ್ ಹೋಗಿದ್ದರೂ ಗೇಜ್ ಇದನ್ನೇ ತೋರಿಸಬಹುದು. 'ಪ್ರೆಶರ್ ಸರಿ ಇದೆ, ಗ್ಯಾಸ್ ಫುಲ್ ಇದೆ' ಅನ್ನೋ ಮಾತು ಇಲ್ಲಿ ತಪ್ಪುತ್ತೆ. ಆ ಬಿಸಿಗೆ ಇರಬೇಕಾದ್ದಕ್ಕಿಂತ ಬಹಳ ಕಡಿಮೆ ತೋರಿಸಿದರೆ ಮಾತ್ರ ಗ್ಯಾಸ್ ತೀರಾ ಕಡಿಮೆ ಅಂತ ಖಚಿತವಾಗಿ ಹೇಳಬಹುದು. ಹೆಚ್ಚು ತೋರಿಸಿದರೆ ಒಳಗೆ ಗಾಳಿಯೋ ಬೇರೆ ಗ್ಯಾಸೋ ಸೇರಿರಬಹುದು.

ಎಂಜಿನ್ ಓಡುವಾಗ ಎರಡೂ ಗೇಜ್ ಜೊತೆಯಲ್ಲಿ ಓದಬೇಕು. ಬಿಸಿ ದಿನದಲ್ಲಿ ಕಡಿಮೆ ಒತ್ತಡದ ಕಡೆ 30-45, ಹೆಚ್ಚಿನ ಒತ್ತಡದ ಕಡೆ 200-250 ಪಿಎಸ್‌ಐ ಸುತ್ತಮುತ್ತ ಇರೋದು ಸಾಮಾನ್ಯ. ಗಾಡಿಯಿಂದ ಗಾಡಿಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತೆ. ಅದರಿಂದ ತಿಳಿಯೋದು ಇಷ್ಟು:

* ಎರಡೂ ಕಡಿಮೆ: ಗ್ಯಾಸ್ ಕಡಿಮೆ ಇರಬಹುದು.
* ಒಂದು ಕಡೆ ತೀರಾ ಇಳಿದು ಶೂನ್ಯದ ಹತ್ತಿರ ಹೋಗುತ್ತಿದೆ: ಎಕ್ಸ್‌ಪ್ಯಾನ್ಷನ್ ವಾಲ್ವ್ ಅಥವಾ ಡ್ರೈಯರ್ ಕಟ್ಟಿರಬಹುದು. ಗ್ಯಾಸ್ ಕಡಿಮೆ ಅಂತ ಅತಿ ಹೆಚ್ಚು ತಪ್ಪು ತಿಳಿಯೋದು ಇದನ್ನೇ.
* ಎರಡೂ ಹೆಚ್ಚು: ಗ್ಯಾಸ್ ಜಾಸ್ತಿ ಆಗಿದೆ, ಗಾಳಿ ಸೇರಿದೆ, ಇಲ್ಲವೇ ಕಂಡೆನ್ಸರ್ ತಣ್ಣಗಾಗುತ್ತಿಲ್ಲ.
* ಕಡಿಮೆ ಇರಬೇಕಾದ ಕಡೆ ಹೆಚ್ಚು, ಹೆಚ್ಚು ಇರಬೇಕಾದ ಕಡೆ ಕಡಿಮೆ: ಕಂಪ್ರೆಸರ್ ಸೋತಿದೆ.

ಅನುಭವಿ ಮೆಕ್ಯಾನಿಕ್‌ಗಳು ಕಂಡೆನ್ಸರ್ ಮೇಲೆ ಮಗ್ಗಿನಲ್ಲಿ ನೀರು ಹಾಕಿ ನೋಡ್ತಾರೆ. ತಕ್ಷಣ ಹೆಚ್ಚಿನ ಒತ್ತಡ ಇಳಿದು ಒಳಗೆ ತಣ್ಣಗಾದರೆ ತೊಂದರೆ ಗಾಳಿಯ ಹರಿವಿನದ್ದು, ಲೀಕ್‌ನದ್ದಲ್ಲ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಕೈ ದೂರ ಇರಲಿ.

ಡ್ರೈಯರ್ ಮೇಲಿನ ಸಣ್ಣ ಗಾಜಿನಲ್ಲಿ ಗುಳ್ಳೆ ಕಂಡರೆ ಗ್ಯಾಸ್ ಕಡಿಮೆ ಅನ್ನೋದು ಹಳೇ ಆರ್-12 ಕಾಲದ ಲೆಕ್ಕ. ಆರ್-134ಎ ಗಾಡಿಯಲ್ಲಿ ಗ್ಯಾಸ್ ಸರಿಯಾಗಿದ್ದರೂ ಗುಳ್ಳೆ, ಮಬ್ಬು ಕಾಣಬಹುದು. ಗುಳ್ಳೆ ಹೋಗೋವರೆಗೆ ತುಂಬುತ್ತಾ ಹೋದರೆ ಗ್ಯಾಸ್ ಜಾಸ್ತಿಯಾಗಿ ಕೂಲಿಂಗ್ ಇನ್ನೂ ಕೆಡುತ್ತೆ.

ಒಟ್ಟಿನಲ್ಲಿ ನಂಬಬೇಕಾದ್ದು ತೂಕವನ್ನು. ಇದ್ದ ಗ್ಯಾಸ್ ಅನ್ನು ಮೆಷಿನ್‌ನಲ್ಲಿ ಹೊರತೆಗೆದು ತೂಗಿದರೆ ಎಷ್ಟು ಹೋಗಿದೆ ಅನ್ನೋದು ಗ್ರಾಂ ಲೆಕ್ಕದಲ್ಲಿ ಗೊತ್ತಾಗುತ್ತೆ. ಮೆಷಿನ್ ಇಲ್ಲದ ಅಂಗಡಿಯಲ್ಲೂ ಗ್ಯಾಸ್ ಕ್ಯಾನ್ ಅನ್ನು ತೂಕದ ಯಂತ್ರದ ಮೇಲಿಟ್ಟು ಹಾಕೋದು ಕಷ್ಟದ ಕೆಲಸ ಅಲ್ಲ.

ಲೀಕ್ ಇರೋದೇ ಖಚಿತ ಆದರೆ ಎಲ್ಲಿ ಹುಡುಕಬೇಕು?

ಅಗ್ಗದ ಜಾಗದಿಂದ ಶುರು ಮಾಡಿ ದುಬಾರಿ ಜಾಗಕ್ಕೆ ಹೋಗಬೇಕು. ಬಹಳ ಕಡೆ ಇದು ಉಲ್ಟಾ ನಡೆಯುತ್ತೆ.

ಗ್ಯಾಸ್ ಹಾಕೋ ಜಾಗದಲ್ಲಿ ಟ್ಯೂಬ್‌ನಲ್ಲಿರೋ ಥರದ್ದೇ ಪಿನ್ ವಾಲ್ವ್ ಇರುತ್ತೆ. ಪಿನ್ ಸೋರಬಹುದು, ಮೇಲಿನ ಕ್ಯಾಪ್ ಕಳೆದುಹೋಗಿರಬಹುದು. ಆ ಕ್ಯಾಪ್ ಬರೀ ಧೂಳಿಗಲ್ಲ, ಒಳಗೆ ರಬ್ಬರ್ ಇರೋ ಕ್ಯಾಪ್ ಗ್ಯಾಸ್ ಅನ್ನೂ ತಡೆಯುತ್ತೆ. ಎರಡನೇದು ಪೈಪ್ ಜಾಯಿಂಟ್‌ನ ಓ-ರಿಂಗ್‌ಗಳು, ವಯಸ್ಸಾದಂತೆ ಗಟ್ಟಿಯಾಗಿ ಬಿರುಕು ಬಿಡ್ತವೆ. ಮೂರನೇದು ರಬ್ಬರ್ ಹೋಸ್ ಲೋಹದ ಪೈಪಿಗೆ ಸೇರೋ ಜಾಗ. ನಾಲ್ಕನೇದು ಕಂಡೆನ್ಸರ್. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ಹಿಂದೆ ಓಡೋ ಗಾಡಿಗಳ ಮುಖಕ್ಕೆ ಕಲ್ಲು ಬಡಿಯೋದು ಹೊಸದಲ್ಲ. ಐದನೇದು ಕಂಪ್ರೆಸರ್ ಮುಂದಿನ ಶಾಫ್ಟ್ ಸೀಲ್. ಕೊನೆಯದು ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್.

ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತೆ. ಹಾಗಾಗಿ ಲೀಕ್ ಇರೋ ಜಾಗದಲ್ಲಿ ಎಣ್ಣೆ ಕಲೆ, ಅದಕ್ಕೆ ಧೂಳು ಮೆತ್ತಿಕೊಂಡಿರುತ್ತೆ. ಇದು ಒಳ್ಳೇ ಸುಳಿವು. ಆದರೆ ಹಳೇ ಎಂಜಿನ್‌ನಲ್ಲಿ ಎಣ್ಣೆ ಎಲ್ಲೆಲ್ಲೂ ಇರುತ್ತೆ. ಕಂಪ್ರೆಸರ್ ಮೇಲೆ ಎಣ್ಣೆ ಕಂಡ ಮಾತ್ರಕ್ಕೆ ಸೀಲ್ ಹೋಗಿದೆ ಅನ್ನೋದು ಆತುರ. ಮೇಲಿಂದ ಎಂಜಿನ್ ಆಯಿಲ್ ತೊಟ್ಟಿಕ್ಕಿರಬಹುದು. ಒರೆಸಿ, ಎರಡು ದಿನ ಓಡಿಸಿ, ಮತ್ತೆ ಅದೇ ಜಾಗದಲ್ಲಿ ಬಂತಾ ಅಂತ ನೋಡಬೇಕು.

ಟೆಸ್ಟ್‌ಗಳೂ ದಾರಿ ತಪ್ಪಿಸುತ್ತವೆ

ಸೋಪಿನ ನೊರೆ: ಅಗ್ಗ, ನಂಬಬಹುದು. ಆದರೆ ತೀರಾ ಸಣ್ಣ ಲೀಕ್‌ಗೆ ಗುಳ್ಳೆ ಏಳೋಕೆ ಹೊತ್ತು ಬೇಕು. ಹಚ್ಚಿ ಕೆಲವು ನಿಮಿಷ ಕಾಯಬೇಕು. ಗಾಳಿ ಬೀಸುತ್ತಿದ್ದರೆ ನೊರೆ ಒಣಗಿ ಏನೂ ಕಾಣಲ್ಲ.

ಡಿಟೆಕ್ಟರ್: ಗ್ಯಾಸ್ ಸಿಕ್ಕರೆ ಬೀಪ್ ಅನ್ನೋ ಯಂತ್ರ. ಕೆಲವು ಯಂತ್ರಗಳು ಕ್ಲೀನರ್ ಸ್ಪ್ರೇ, ಪೆಟ್ರೋಲ್ ಆವಿ, ಸೆಂಟಿಗೂ ಕೂಗುತ್ತವೆ. ಎಂಜಿನ್ ತೊಳೆದ ಕೂಡಲೇ, ಈಗಷ್ಟೇ ಗ್ಯಾಸ್ ಬಿಟ್ಟ ಜಾಗದಲ್ಲಿ ಟೆಸ್ಟ್ ಮಾಡಿದರೆ ಎಲ್ಲವೂ ಲೀಕ್ ಅನ್ನಿಸುತ್ತೆ. ಈ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತೆ. ಆದ್ದರಿಂದ ಜಾಯಿಂಟ್‌ನ ಕೆಳಭಾಗದಲ್ಲಿ ನಿಧಾನವಾಗಿ ಹಿಡಿಯಬೇಕು. ಒಮ್ಮೆ ಕೂಗಿದರೆ ಸಾಲದು. ಗಾಳಿ ಊದಿ, ಮತ್ತೆ ಹಿಡಿದಾಗ ಅದೇ ಜಾಗದಲ್ಲಿ ಮತ್ತೆ ಮತ್ತೆ ಕೂಗಬೇಕು.

ಹೊಳೆಯುವ ಡೈ: ಗ್ಯಾಸ್ ಜೊತೆ ಬಣ್ಣ ಹಾಕಿ, ವಿಶೇಷ ಲೈಟ್‌ನಲ್ಲಿ ಹಸಿರು-ಹಳದಿ ಹೊಳಪು ಹುಡುಕೋದು. ಹಳೇ ಗಾಡಿಗೆ ಹಿಂದೆ ಯಾರೋ ಡೈ ಹಾಕಿ ಒರೆಸದೆ ಬಿಟ್ಟಿದ್ದರೆ ರಿಪೇರಿಯಾದ ಜಾಗವೂ ಹೊಳೆಯುತ್ತೆ. ಗೇಜ್ ತೆಗೆದ ಪೋರ್ಟ್‌ನಲ್ಲಿ ಒಂದು ಹನಿ ಹೊಳೆಯೋದು ಲೀಕ್ ಅಲ್ಲ. ಮೊದಲು ಒರೆಸಿ, ಆಮೇಲೆ ಹುಡುಕಬೇಕು.

ವ್ಯಾಕ್ಯೂಮ್ ಟೆಸ್ಟ್: 'ಅರ್ಧ ಗಂಟೆ ವ್ಯಾಕ್ಯೂಮ್ ನಿಂತಿದೆ, ಲೀಕ್ ಇಲ್ಲ' ಅನ್ನೋದು ಅರ್ಧ ಸತ್ಯ. ವ್ಯಾಕ್ಯೂಮ್‌ನಲ್ಲಿ ಒತ್ತಡದ ವ್ಯತ್ಯಾಸ 15 ಪಿಎಸ್‌ಐ ಕೂಡ ದಾಟಲ್ಲ, ಅದೂ ಹೊರಗಿನಿಂದ ಒಳಕ್ಕೆ. ಎಸಿ ಓಡುವಾಗ 200ಕ್ಕೂ ಮೇಲೆ, ಒಳಗಿನಿಂದ ಹೊರಕ್ಕೆ. ಹೊರಕ್ಕೆ ಸೋರೋ ಓ-ರಿಂಗ್ ಒಳಕ್ಕೆ ಎಳೆದಾಗ ಅಂಟಿಕೊಂಡು ಕೂತುಬಿಡಬಹುದು. ಇದರ ಉಲ್ಟಾ ಕೂಡ ಉಂಟು. ಒಳಗೆ ತೇವ ಇದ್ದರೆ ಅದು ಆವಿಯಾಗಿ ಮುಳ್ಳು ಮೇಲೇರುತ್ತೆ, ಲೀಕ್ ಇಲ್ಲದಿದ್ದರೂ ಇದೆ ಅನ್ನಿಸುತ್ತೆ.

ಇದರಲ್ಲಿ ನಮ್ಮೂರಿಗೇ ಸಂಬಂಧಪಟ್ಟ ಒಂದು ವಿಷಯ ಇದೆ. ಪುಸ್ತಕದಲ್ಲಿ 'ಮುಳ್ಳು 29 ಇಂಚು ದಾಟಬೇಕು' ಅಂತ ಇರೋದು ಸಮುದ್ರ ಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಚಿತ್ರದುರ್ಗ ಸಮುದ್ರ ಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಪಂಪ್ ಎಷ್ಟೇ ಚೆನ್ನಾಗಿದ್ದರೂ ಮುಳ್ಳು 27ರಿಂದ ಇಪ್ಪತ್ತೇಳೂವರೆ ಇಂಚಿನ ಹತ್ತಿರ ನಿಲ್ಲುತ್ತೆ. ಅದನ್ನು ಲೀಕ್ ಅಂದುಕೊಂಡು ಜಾಯಿಂಟ್ ಬಿಚ್ಚೋದು ಸಲ್ಲದು.

ನೈಟ್ರೋಜನ್ ಪ್ರೆಶರ್ ಟೆಸ್ಟ್: ಖಾಲಿ ಮಾಡಿದ ಸಿಸ್ಟಂಗೆ ಒಣ ನೈಟ್ರೋಜನ್ ಸುಮಾರು 150 ಪಿಎಸ್‌ಐವರೆಗೆ ತುಂಬಿ, ನಿಲ್ಲಿಸಿ, ನೊರೆ ಹಚ್ಚೋದು. ವ್ಯಾಕ್ಯೂಮ್‌ಗಿಂತ ಇದು ಬಹಳ ಮೇಲು. ಆದರೆ ಬಿಸಿಲಿನ ಲೆಕ್ಕ ಹಿಡಿಯಬೇಕು. ಮಧ್ಯಾಹ್ನ 40 ಡಿಗ್ರಿಯಲ್ಲಿ 150 ತುಂಬಿ, ರಾತ್ರಿ 30 ಡಿಗ್ರಿಗೆ ಇಳಿದಾಗ ನೋಡಿದರೆ ಗೇಜ್ 145ರ ಹತ್ತಿರ ಇರುತ್ತೆ. ಆ 5 ಪಿಎಸ್‌ಐ ಎಲ್ಲೂ ಸೋರಿಲ್ಲ, ತಣ್ಣಗಾಗಿ ಕುಗ್ಗಿದೆ ಅಷ್ಟೇ. ತುಂಬುವಾಗಲೂ ನೋಡುವಾಗಲೂ ಬಿಸಿ ಎಷ್ಟಿತ್ತು ಅಂತ ಬರೆದುಕೊಂಡರೆ ಗೊಂದಲ ಇಲ್ಲ.

'ಕೂಲಿಂಗ್ ಕಾಯಿಲ್ ಹೋಗಿದೆ' ಅಂದರೆ ಸಾಕ್ಷಿ ಕೇಳಿ

ಎಲ್ಲೂ ಲೀಕ್ ಸಿಗದಿದ್ದಾಗ ಕೊನೆಗೆ ಬೆರಳು ತೋರಿಸೋದು ಕಾಯಿಲ್ ಕಡೆಗೆ, ಯಾಕಂದರೆ ಅದು ಕಣ್ಣಿಗೆ ಕಾಣಲ್ಲ. ಬಹಳ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಒಮ್ಮೆ ಬಿಚ್ಚಿದ ಹಳೇ ಡ್ಯಾಶ್‌ಬೋರ್ಡ್ ಮೊದಲಿನ ಹಾಗೆ ಕೂರೋದು ಕಷ್ಟ, ಪ್ಲಾಸ್ಟಿಕ್ ಲಾಕ್‌ಗಳು ಮುರೀತವೆ, ಕಟಕಟ ಸದ್ದು ಶುರು ಆಗುತ್ತೆ.

ಬಿಚ್ಚದೆಯೇ ನೋಡೋ ದಾರಿ ಇದೆ. ಎಸಿ ಆಫ್ ಮಾಡಿ, ಬ್ಲೋವರ್ ನಿಲ್ಲಿಸಿ, ಕಾಲು ಗಂಟೆ ಬಿಡಬೇಕು. ಸೋರಿದ ಗ್ಯಾಸ್ ಕಾಯಿಲ್ ಪೆಟ್ಟಿಗೆಯ ತಳದಲ್ಲಿ ಸೇರುತ್ತೆ. ಆಗ ಡಿಟೆಕ್ಟರ್ ತುದಿಯನ್ನು ನೀರು ಹೋಗೋ ಪೈಪಿನ ಬಾಯಲ್ಲಿ ಹಿಡಿಯಬೇಕು, ನೀರು ಒಳಗೆ ಎಳೆಯದಂತೆ. ಡೈ ಹಾಕಿದ್ದರೆ ಆ ನೀರಲ್ಲೇ ಹೊಳಪು ಕಾಣುತ್ತೆ. ಈ ಸಾಕ್ಷಿ ಸಿಕ್ಕರೆ ಮಾತ್ರ ಡ್ಯಾಶ್‌ಬೋರ್ಡ್‌ಗೆ ಸ್ಪ್ಯಾನರ್ ಹಾಕಬೇಕು.

ಇವನ್ನು ಯಾವ ಕಾರಣಕ್ಕೂ ಮಾಡಿಸಬೇಡಿ

* ಲೀಕ್ ಟೆಸ್ಟ್‌ಗೆ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸೋದು. ಒತ್ತಡದ ಆಕ್ಸಿಜನ್ ಎಣ್ಣೆಗೆ ಸೇರಿದರೆ ಸ್ಫೋಟ ಆಗುತ್ತೆ.
* ಪಂಚರ್ ಅಂಗಡಿಯ ಗಾಳಿ ಹಿಡಿಸೋದು. ಅದರಲ್ಲಿರೋ ತೇವ ಒಳಗೆಲ್ಲ ಸೇರಿ ತುಕ್ಕು, ಐಸ್ ಎರಡಕ್ಕೂ ದಾರಿ.
* ನೈಟ್ರೋಜನ್ ಸಿಲಿಂಡರ್‌ನಿಂದ ರೆಗ್ಯುಲೇಟರ್ ಇಲ್ಲದೆ ನೇರ ಬಿಡೋದು. ಪೈಪ್ ಸಿಡಿಯುತ್ತೆ.
* ಅಗ್ಗ ಅಂತ ಅಡುಗೆ ಗ್ಯಾಸ್ ಥರದ ಉರಿಯೋ ಗ್ಯಾಸ್ ತುಂಬಿಸೋದು. ಕಾಯಿಲ್ ಲೀಕ್ ಆದರೆ ಅದು ತುಂಬೋದು ನೀವು ಕೂತಿರೋ ಜಾಗದಲ್ಲೇ.
* 'ಲೀಕ್ ಸ್ಟಾಪ್' ಅಂಟು ಹಾಕಿಸೋದು. ಲೀಕ್ ನಿಲ್ಲೋ ಮೊದಲು ಎಕ್ಸ್‌ಪ್ಯಾನ್ಷನ್ ವಾಲ್ವ್ ಕಟ್ಟಬಹುದು, ಗ್ಯಾಸ್ ತೆಗೆಯೋ ಮೆಷಿನ್ ಕೂಡ ಕೆಡುತ್ತೆ.
* ಗ್ಯಾಸ್ ಬಿಡುವಾಗ ಪಕ್ಕದಲ್ಲಿ ಬೀಡಿ, ಸಿಗರೇಟು, ಬೆಂಕಿ. ಆರ್-134ಎ ಬೆಂಕಿಯ ಬಿಸಿಗೆ ವಿಷದ ಆವಿಯಾಗುತ್ತೆ. ಕಣ್ಣಿಗೆ, ಚರ್ಮಕ್ಕೆ ದ್ರವ ತಾಗಿದರೆ ಹಿಮದಿಂದ ಸುಟ್ಟ ಗಾಯ ಆಗುತ್ತೆ.

ತೊಂಬತ್ತರ ದಶಕದ ಗಾಡಿ ಇದ್ದರೆ

ಅಷ್ಟು ಹಳೇ ಕಾರು ಇಟ್ಟುಕೊಂಡಿರೋರು ಇನ್ನೊಂದು ವಿಷಯ ತಿಳಿದಿರಬೇಕು. ಆ ಕಾಲದಲ್ಲಿ ಆರ್-12 ಗ್ಯಾಸ್ ಇತ್ತು. ಓಝೋನ್ ಪದರಕ್ಕೆ ಹಾನಿ ಅಂತ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದನ್ನು ಕೈಬಿಡಲಾಯ್ತು. ಭಾರತದಲ್ಲಿ 2003ರ ಜನವರಿ 1ರಿಂದ ಹೊಸ ಎಸಿ, ಫ್ರಿಜ್‌ಗಳ ತಯಾರಿಕೆಯಲ್ಲಿ ಅದರ ಬಳಕೆ ನಿಂತಿತು.

ಇಂಥ ಗಾಡಿಯನ್ನು ಆರ್-134ಎಗೆ ಬದಲಿಸಿದ್ದರೆ ಎಣ್ಣೆ, ಓ-ರಿಂಗ್, ಡ್ರೈಯರ್ ಕೂಡ ಬದಲಿಸಿರಬೇಕು. ಬರೀ ಗ್ಯಾಸ್ ಬದಲಿಸಿ ಬಿಟ್ಟಿದ್ದರೆ ಲೀಕ್ ಬರೋದು ಆಶ್ಚರ್ಯ ಅಲ್ಲ. ತೂಕವೂ ಅಷ್ಟೇ ಬೇಕಾಗಲ್ಲ, ಹಳೇ ತೂಕದ ಶೇ 80-90ರಷ್ಟು ಸಾಕು. ಹಳೇ ಸ್ಟಿಕ್ಕರ್ ನೋಡಿ ಪೂರ್ತಿ ತುಂಬಿದರೆ ಒತ್ತಡ ಏರಿ ಕೂಲಿಂಗ್ ಕಡಿಮೆ ಆಗುತ್ತೆ. ಅದನ್ನು ನೋಡಿ ಮತ್ತೆ 'ಕಂಪ್ರೆಸರ್ ಹೋಗಿದೆ' ಅನ್ನೋರೂ ಇದ್ದಾರೆ.

ಆರ್-134ಎ ಓಝೋನ್‌ಗೆ ತೊಂದರೆ ಕೊಡಲ್ಲ, ಆದರೆ ಭೂಮಿ ಬಿಸಿ ಮಾಡೋದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,300ರಿಂದ 1,400 ಪಟ್ಟು ಜೋರು. ಅರ್ಧ ಕೆ.ಜಿ. ಗಾಳಿಗೆ ಬಿಟ್ಟರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟಷ್ಟು. ವರ್ಷ ವರ್ಷ ಲೀಕ್ ಹುಡುಕದೆ ತುಂಬಿಸೋದು ಜೇಬಿಗಷ್ಟೇ ನಷ್ಟ ಅಲ್ಲ.

ದುಡ್ಡು ಕೊಡೋ ಮೊದಲು ಈ ಐದು ಪ್ರಶ್ನೆ

1. ಫ್ಯಾನ್, ಫಿಲ್ಟರ್, ಕ್ಲಚ್, ಹೀಟರ್ ವಾಲ್ವ್ ನೋಡಿದ್ದೀರಾ?
2. ಎಷ್ಟು ಗ್ರಾಂ ಗ್ಯಾಸ್ ಇತ್ತು, ಎಷ್ಟು ಇರಬೇಕಿತ್ತು?
3. ಲೀಕ್ ಎಲ್ಲಿದೆ? ನೊರೆಯಲ್ಲೋ ಡೈನಲ್ಲೋ ತೋರಿಸ್ತೀರಾ?
4. ಯಾವ ಟೆಸ್ಟ್ ಮಾಡಿದ್ರಿ, ಎಷ್ಟು ಹೊತ್ತು ನಿಲ್ಲಿಸಿದ್ರಿ?
5. ರಿಪೇರಿ ಆದಮೇಲೆ ಮತ್ತೆ ಟೆಸ್ಟ್ ಮಾಡಿ ಗ್ಯಾಸ್ ಹಾಕ್ತೀರಾ?

ಕೇಳೋದಕ್ಕೆ ಸಂಕೋಚ ಬೇಡ. ಕೆಲಸ ಗೊತ್ತಿರೋ ಮೆಕ್ಯಾನಿಕ್‌ಗೆ ಈ ಪ್ರಶ್ನೆ ಬೇಸರ ತರಿಸಲ್ಲ. ಲೀಕ್ ಹುಡುಕೋದು ಹೊತ್ತು ತಗೊಳ್ಳೋ ಕೆಲಸ, ಅರ್ಧ ದಿನ ಆಗಬಹುದು. 'ಬರೀ ಚೆಕ್ ಮಾಡೋಕೆ ದುಡ್ಡಾ?' ಅಂತ ಗಿರಾಕಿ ಜಗಳ ತೆಗೆದರೆ ಅಂಗಡಿಯವರೂ ಸುಲಭದ ದಾರಿ ಹಿಡಿದು ಗ್ಯಾಸ್ ತುಂಬಿ ಕಳಿಸ್ತಾರೆ. ಹುಡುಕೋ ಕೂಲಿ ಕೊಡೋದು ನಷ್ಟ ಅಲ್ಲ, ಬೇಡದ ಪಾರ್ಟ್‌ಗೆ ಕೊಡೋದು ನಷ್ಟ.

ಕೆಲಸ ಮುಗಿದ ಮೇಲೆ ತಾರೀಖು, ಎಷ್ಟು ಗ್ರಾಂ ಹಾಕಿದ್ದು, ಯಾವ ಜಾಗ ರಿಪೇರಿ ಆಯ್ತು, ಡೈ ಹಾಕಿದ್ದಾರಾ ಅನ್ನೋದನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿಡಿ. ಮುಂದಿನ ಬಾರಿ ಯಾವ ಅಂಗಡಿಗೆ ಹೋದರೂ ಲೆಕ್ಕ ಅಲ್ಲಿಂದಲೇ ಶುರು ಆಗುತ್ತೆ. ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ. ಎಣ್ಣೆ ಸುತ್ತಿ ಕಂಪ್ರೆಸರ್ ಸೀಲ್ ಒಣಗದೆ ಉಳಿಯುತ್ತೆ.